ಹಳೆಯ ಲಾರಿಗೆ ಹೊಸ ಹೊಗೆಗೊಳವೆ

ಗಜೇಂದ್ರಗಡಕ್ಕೆ ರೈಲು ಬರಲಿಲ್ಲ. ಗುಡ್ಡದ ಮಗ್ಗುಲಿನ ಈ ಊರಿನಿಂದ ನೇಕಾರರ ಸೀರೆಯ ಗಂಟು ಹೊರಗೆ ಹೋಗಬೇಕಾದರೂ, ಸುತ್ತಲಿನ ಎರೆಹೊಲದ ಹತ್ತಿ, ಉಳ್ಳಾಗಡ್ಡಿ, ಶೇಂಗಾ ಗದಗ ಹುಬ್ಬಳ್ಳಿಗಳ ಪೇಟೆಯನ್ನು ಮುಟ್ಟಬೇಕಾದರೂ ರಸ್ತೆಯೇ ಗತಿ. ಆದ್ದರಿಂದ ಲಾರಿಗೆ ಮುಪ್ಪು ಬಂದಿತೆಂದು ನಮ್ಮ ಕಡೆಯ ಮಾಲಿಕರು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಚಾಸಿ ಗಟ್ಟಿಯಿದ್ದರೆ ಸಾಕು, ಸವೆದ ಎಂಜಿನ್ನನ್ನು ಇಳಿಸಿ ಬೇರೊಂದನ್ನು ಕೂರಿಸಿ ಮತ್ತೆ ಹತ್ತು ವರ್ಷ ಓಡಿಸುತ್ತಿದ್ದರು.

ಆ ಶಸ್ತ್ರಕ್ರಿಯೆಯ ಒಂದು ಅಂಗವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೊಸದಾಗಿ ಕೂರಿಸಿದ ಎಂಜಿನ್ನಿನ ಹೊಗೆ ಹೊರಗೆ ಹೋಗಲು ಕೈಯಿಂದ ಕಟ್ಟುವ ಕೊಳವೆಗಳ ಮಾತು ಅದು. ಕಾರ್ಖಾನೆಯಿಂದ ಎರಕ ಹೊಯ್ದು ಬಂದರೆ ಅದಕ್ಕೆ ಗ್ಯಾರೇಜಿನಲ್ಲಿ ‘ಮೆನಿಫೋಲ್ಡ್’ ಎಂದು ಹೆಸರು; ಕೊಳವೆಗಳನ್ನು ಬಾಗಿಸಿ ಬೆಸೆದು ಮಾಡಿದರೆ ‘ಹೆಡರ್’. ಸಾಹಿತ್ಯಪ್ರಿಯರಾದ ಕೇಳುಗರು ಮೂಗು ಮುರಿಯಬಾರದು. ಹೊಗೆಗೂ ಒಂದು ಛಂದಸ್ಸು ಇದೆ. ಅದು ತಪ್ಪಿದರೆ ಲಾರಿ ಏರು ಹತ್ತುವುದಿಲ್ಲ.

1950ರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಬೆಡ್‌ಫರ್ಡ್, ಡಾಜ್, ಫಾರ್ಗೋ ಲಾರಿಗಳು ಓಡುತ್ತಿದ್ದವು. ಅವುಗಳಲ್ಲಿ ಅನೇಕವು ಪೆಟ್ರೋಲಿನವು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದಿಂದ ಡೀಸೆಲ್ ಲಾರಿಗಳನ್ನು ಮಾಡತೊಡಗಿದರು. ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್ನುಗಳನ್ನು ತಯಾರಿಸಿತು. 1973ರ ಅಕ್ಟೋಬರದಿಂದ ಕೆಲವೇ ತಿಂಗಳುಗಳಲ್ಲಿ ಜಗತ್ತಿನ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟು ಏರಿದಾಗ, ಪೆಟ್ರೋಲ್ ಲಾರಿ ಸಾಕುವುದೆಂದರೆ ಬಿಳಿಯಾನೆ ಸಾಕಿದಂತಾಯಿತು. ಎಂಜಿನ್ ಬದಲಾವಣೆ ಆಗ ಹವ್ಯಾಸವಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು.

ಎಂಜಿನ್ ಕೂರಿಸುವುದು ಅಷ್ಟು ಕಷ್ಟವಲ್ಲ. ಕೂರಿಸಿದ ಮೇಲೆ ನೋಡಿದರೆ ಹೊಗೆ ಹೋಗಬೇಕಾದ ಹಾದಿಗೆ ಸರಿಯಾಗಿ ಸ್ಟೀರಿಂಗ್ ಪೆಟ್ಟಿಗೆ ಅಡ್ಡ ನಿಂತಿರುತ್ತದೆ. ಅದನ್ನು ತಪ್ಪಿಸಿದರೆ ಚಾಸಿಯ ಪಟ್ಟಿ, ಅದನ್ನೂ ತಪ್ಪಿಸಿದರೆ ಬ್ರೇಕಿನ ನಳಿಗೆ. ಬ್ರೇಕಿನ ನಳಿಗೆಯ ಪಕ್ಕದಲ್ಲಿ ಕೆಂಪಗೆ ಕಾಯುವ ಕೊಳವೆ ಹೋದರೆ ಒಳಗಿನ ಎಣ್ಣೆ ಕುದಿದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದೀತು. ನಾನು ಕಂಡ ಹಿರಿಯ ಮಿಸ್ತ್ರಿಯೊಬ್ಬರು ಮೊದಲು ದಪ್ಪ ತಂತಿಯನ್ನು ಬಾಗಿಸಿ ಹಾದಿ ಹುಡುಕುತ್ತಿದ್ದರು. ಪಾನಾ ಹಾಕಿ ನಟ್ಟು ತಿರುಗಿಸಲು ಜಾಗ ಉಳಿಯಿತೇ ಎಂದು ಆಗಲೇ ನೋಡುತ್ತಿದ್ದರು. ಈ ಎಚ್ಚರವಿಲ್ಲದವರು ಕಟ್ಟಿದ ಕೊಳವೆಯನ್ನು ಬಿಚ್ಚಬೇಕಾದರೆ ಎಂಜಿನ್ನನ್ನೇ ಇಳಿಸಬೇಕಾಗುತ್ತದೆ.

ಈಗ ಛಂದಸ್ಸಿನ ಮಾತು. ಆರು ಸಿಲಿಂಡರಿನ ಸಾಮಾನ್ಯ ಎಂಜಿನ್ನಿನಲ್ಲಿ ಉರಿಯುವ ಕ್ರಮ 1-5-3-6-2-4. ಕ್ರ್ಯಾಂಕು ಎರಡು ಸುತ್ತು ಬರುವಷ್ಟರಲ್ಲಿ ಆರೂ ಒಮ್ಮೊಮ್ಮೆ ಉಸಿರು ಬಿಡುತ್ತವೆ; ಎರಡು ಉಸಿರುಗಳ ನಡುವೆ 120 ಡಿಗ್ರಿಯ ಅಂತರ. ಆದರೆ ಹೊಗೆ ಬಿಡುವ ವಾಲ್ವು ಅರ್ಧ ಸುತ್ತಿಗಿಂತ ಹೆಚ್ಚು ಹೊತ್ತು ತೆರೆದಿರುತ್ತದೆ. ಹಾಗಾಗಿ ಒಂದರ ಬಾಗಿಲು ಮುಚ್ಚುವ ಮೊದಲೇ ಇನ್ನೊಂದರದು ತೆರೆಯುತ್ತದೆ. ಎಲ್ಲವನ್ನೂ ಒಂದೇ ಕಿರಿದಾದ ಕೊಳವೆಗೆ ಸುರಿದರೆ ಒಂದರ ಉಸಿರು ಮತ್ತೊಂದರ ಮುಖಕ್ಕೆ ಹೊಡೆಯುತ್ತದೆ. ಅದಕ್ಕಾಗಿ ಮುಂದಿನ ಮೂರನ್ನು ಒಂದು ಗುಂಪು, ಹಿಂದಿನ ಮೂರನ್ನು ಇನ್ನೊಂದು ಗುಂಪು ಮಾಡುತ್ತಾರೆ. ಆಗ 1, 3, 2 ಎಂಬ ಸರದಿಯಲ್ಲಿ ಪ್ರತಿ 240 ಡಿಗ್ರಿಗೆ ಒಂದು ಉಸಿರು, ಒಂದಕ್ಕೊಂದು ತಾಗದಂತೆ ಸಾಗುತ್ತದೆ. ಎಲ್ಲ ಕೊಳವೆಗಳೂ ಕೂದಲೆಳೆಯಷ್ಟು ಸಮನಾಗಿರಬೇಕೆಂಬ ಹಟ ಪಂದ್ಯದ ಮೋಟಾರುಗಳಿಗೆ ತಕ್ಕದ್ದು. ಹೇರು ಹೊರುವ ಲಾರಿಗೆ ಅಷ್ಟು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೊಳವೆ ಬಾಗಿಸುವಾಗ ಒಳಗೆ ಮರಳು ತುಂಬಿ ಎರಡೂ ಬಾಯಿ ಮುಚ್ಚಿ ಕಾಯಿಸುತ್ತಾರೆ. ಇಲ್ಲವಾದರೆ ತಿರುವಿನಲ್ಲಿ ಅದು ಚಪ್ಪಟೆಯಾಗುತ್ತದೆ. ಮರಳು ಚೆನ್ನಾಗಿ ಒಣಗಿರಬೇಕು. ತುಸು ತೇವವಿದ್ದರೂ ಆವಿಯಾಗಿ ಮುಚ್ಚಳ ಗುಂಡಿನಂತೆ ಸಿಡಿಯುತ್ತದೆ. ಅಗ್ಗವೆಂದು ನೀರಿನ ನಳದ ಸತು ಲೇಪಿಸಿದ ಕೊಳವೆ ತಂದು ಬೆಸೆದವರಿಗೆ ಸಂಜೆ ಚಳಿಜ್ವರ ಬರುವುದನ್ನು ಕಂಡಿದ್ದೇನೆ. ಅದು ಸತುವಿನ ಹೊಗೆ ಕುಡಿದುದರ ಫಲ. ಹಿಂದೆ ಕೊಳವೆಗೆ ಸುತ್ತುತ್ತಿದ್ದ ಕಲ್ನಾರಿನ ಹಗ್ಗವಂತೂ ಶ್ವಾಸಕೋಶಕ್ಕೆ ಮಾರಕವೆಂದು ಈಗ ಎಲ್ಲರೂ ಬಲ್ಲರು.

ಬೆಸುಗೆ ಹಾಕುವ ಹುಡುಗನಿಗೆ ಆ ಮಿಸ್ತ್ರಿ ಹೇಳುತ್ತಿದ್ದ ಮಾತು ನನ್ನ ಕಿವಿಯಲ್ಲಿದೆ: “ತಮ್ಮಾ, ಅದನ್ನ ಎರಡೂ ಕಡೆ ಬಿಗಿದು ಕಟ್ಟಬ್ಯಾಡ. ಕಾದ ಮ್ಯಾಲೆ ಅದು ಬೆಳೀತೈತಿ, ಎಲ್ಲಿಗೆ ಹೋಗಬೇಕು ಹೇಳು?” ಲೆಕ್ಕ ಹಾಕಿದರೆ, ಅರ್ಧ ಮೀಟರ್ ಉದ್ದದ ಉಕ್ಕಿನ ಕೊಳವೆ 500 ಡಿಗ್ರಿಯಷ್ಟು ಹೆಚ್ಚು ಕಾದಾಗ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಸಾಲದ್ದಕ್ಕೆ ಎಂಜಿನ್ ರಬ್ಬರಿನ ಮೇಲೆ ಕೂತು ತೂಗುತ್ತದೆ, ಚಾಸಿ ತೂಗುವುದಿಲ್ಲ. ನಡುವೆ ಬಳುಕುವ ಒಂದು ತುಂಡು ಇಲ್ಲದಿದ್ದರೆ ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ.

ಬಿರುಕೆಂದರೆ ಬರಿಯ ಸದ್ದಲ್ಲ. ಒಂದು ಮಳೆಗಾಲದ ರಾತ್ರಿ ಗಾಜು ಏರಿಸಿ, ಎಂಜಿನ್ ಆರಿಸದೆ ಕ್ಯಾಬಿನ್ನಿನಲ್ಲಿ ಮಲಗಿದ್ದ ಕ್ಲೀನರ್ ಹುಡುಗನನ್ನು ಬೆಳಗಿನಲ್ಲಿ ಹೊರಗೆಳೆದು ಗಾಳಿಗೆ ಮಲಗಿಸಿದ್ದನ್ನು ನೋಡಿದ್ದೇನೆ. ವಾಂತಿ, ತಲೆ ಸಿಡಿತ, ಜೀವ ಉಳಿಯಿತು. ಅವನ ಕಾಲಿನ ಕೆಳಗೇ ಕೊಳವೆಯ ಕೀಲು ಬಿರಿದಿತ್ತು. ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಡೀಸೆಲ್ ಹೊಗೆಯಲ್ಲಿ ಅದು ಪೆಟ್ರೋಲಿಗಿಂತ ಕಡಿಮೆ. ಹಾಗೆಂದು ಇಲ್ಲವೆಂದಲ್ಲ. ಆ ಕೆಲಸ ಮಾಡಿದವರು ನಾಲ್ಕು ದಿನದ ಕೆಲಸವನ್ನು ಒಂದು ದಿನಕ್ಕೆ ಮುಗಿಸಿಕೊಟ್ಟಿದ್ದರು; ಅವಸರ ಮಾಡಿದವನು ಮಾಲಿಕನೇ.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಎಂಜಿನ್ ಬದಲಾವಣೆಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಕಾಗದಪತ್ರ ಮಾಡಿಸುವ ಮಾಲಿಕರು ಕೊಳವೆಯ ಕೀಲನ್ನು ಮಾತ್ರ ನೋಡುವುದಿಲ್ಲ. ನೋಡುವುದು ಕಷ್ಟವೂ ಅಲ್ಲ. ಬೆಳಗ್ಗೆ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ, ಕೊಳವೆ ಕಾಯುವ ಮೊದಲು ಕೀಲುಗಳ ಬಳಿ ಅಂಗೈ ಹಿಡಿದರೆ ಸೋರುವ ಹೊಗೆ ಚುಚ್ಚಿದಂತೆ ತಾಗುತ್ತದೆ. ಹಳೆಯ ಸೋರಿಕೆಯಾದರೆ ಅಲ್ಲಿ ಕಪ್ಪು ಮಸಿಯ ಗೆರೆ ಇರುತ್ತದೆ. ಹೊಸ ಹೆಡರ್ ಹಾಕಿದ ಲಾರಿಯನ್ನು ಆ ಮಿಸ್ತ್ರಿ ಮೊದಲ ದಿನ ಹೇರಿಲ್ಲದೆ ರೋಣದ ತನಕ ಓಡಿಸಿ ತರಿಸುತ್ತಿದ್ದರು. ಎಂಜಿನ್ ಪೂರ್ತಿ ತಣಿಯುವವರೆಗೆ ಚಹಾ ಕುಡಿಯುತ್ತ ಕೂತು, ಆಮೇಲೆ ನಡುವಿನ ನಟ್ಟಿನಿಂದ ಹಿಡಿದು ಎರಡೂ ತುದಿಯವರೆಗೆ ಒಂದೊಂದನ್ನೂ ಮತ್ತೊಮ್ಮೆ ಬಿಗಿಯುತ್ತಿದ್ದರು.