ಮುಂದೆ ನಿಂತು ಹಾಡುವವನ ಹೊಣೆ

ಭಕ್ತಿಗೆ ಶಾಸ್ತ್ರದ ಕಟ್ಟು ಬೇಕೆ ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ತಾಳ-ಲಯಗಳ ಲೆಕ್ಕ ತಿಳಿಯದಿದ್ದರೂ ಪ್ರೀತಿ ಬಂದ ಹಾಗೆ ಹಾಡುತ್ತೇನೆ ಎಂಬ ಭಾವದ ಬಸವಣ್ಣನವರ ವಚನ ಎಲ್ಲರಿಗೂ ಪರಿಚಿತ. ಆ ಸ್ವಾತಂತ್ರ್ಯ ಭಕ್ತನಿಗೆ ಉಂಟು, ನಿಜ. ಆದರೆ ಒಂದು ಸಭೆಯನ್ನೇ ಹಾಡಿಸಲು ಮುಂದೆ ನಿಂತವನಿಗೂ ಅದು ಉಂಟೆ? ಕ್ರೈಸ್ತ ಆರಾಧನೆಯಲ್ಲಿ ಹಾಡು ಎತ್ತಿಕೊಡುವವರನ್ನು ನೆನೆದು ಈ ಮಾತನ್ನು ಎತ್ತಿದ್ದೇನೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆ ಹಾಡಿನ ಸೀಮೆ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಆಡಿ ಹಾಡಿ ಹೆಸರಾದ ಕೌಜಲಗಿ ನಿಂಗಮ್ಮ, ಇಬ್ಬರೂ ಈ ನೆಲದವರೇ. ಇಲ್ಲಿನ ಭಜನೆಯ ಮೇಳವನ್ನು ಕಂಡವರು ಬಲ್ಲರು: ಮುಂದೆ ಹಾಡುವವನು ಒಂದು ನುಡಿ ಎತ್ತಿಕೊಟ್ಟು ನಿಲ್ಲುತ್ತಾನೆ, ಆ ನುಡಿ ಮೇಳದ ಬಾಯಿಂದ ತುಂಬಿ ಮರಳುವವರೆಗೆ ಕಾಯುತ್ತಾನೆ. ಆ ಕಾಯುವಿಕೆಯೇ ಅವನ ವಿದ್ಯೆ.

ಇದೇ ಬೆಳಗಾವಿ ಜಿಲ್ಲೆಗೆ ಲಂಡನ್ ಮಿಷನ್ನಿನವರು ಬಂದದ್ದು 1820ರಲ್ಲಿ. 1904ರಲ್ಲಿ ಅವರ ಕೆಲಸವನ್ನು ಮೆಥೊಡಿಸ್ಟರು ವಹಿಸಿಕೊಂಡರು. ಮಿಷನರಿಗಳೊಡನೆ ಪಶ್ಚಿಮದ ಧಾಟಿಗಳೂ ಬಂದವು. ಅವುಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಬೇಕಾಯಿತು. ತೊಡಕು ಇರುವುದು ಇಲ್ಲಿಯೇ. ನಮ್ಮ ನುಡಿಯಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ರಾಗದಲ್ಲಿ ಎಳೆಯುವುದು ತಪ್ಪಲ್ಲ. ಎಳೆಯಬಾರದ ಕಡೆ ಎಳೆದರೆ ಅರ್ಥವೇ ಕೆಡುತ್ತದೆ. ಧಾಟಿಯ ಒತ್ತಾಯಕ್ಕೆ ‘ಕೊಡು’ ಎಂಬುದು ‘ಕೋಡು’ ಆದರೆ, ಪ್ರಾರ್ಥಿಸುವವನು ದೇವರಲ್ಲಿ ಕೊಂಬನ್ನು ಬೇಡಿದಂತಾಗುತ್ತದೆ! ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದ ಕಿಟ್ಟೆಲ್ಲರು ಅದಕ್ಕೂ ಮೊದಲೇ, 1862ರಲ್ಲಿ, ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ ಎಂಬ ಕನ್ನಡ ಪದ್ಯಕೃತಿಯಾಗಿ ರಚಿಸಿದ್ದರು. ನುಡಿಯ ನಡಿಗೆಯನ್ನು ಅರಿಯುವುದೂ ಆರಾಧನೆಯ ಸಿದ್ಧತೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಮೆಥೊಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1761ರಲ್ಲಿ ಸಭೆಯ ಹಾಡುಗಾರಿಕೆಗೆ ಕೆಲವು ಸೂಚನೆಗಳನ್ನು ಬರೆದಿದ್ದಾನೆ. ಎಲ್ಲರೂ ಹಾಡಬೇಕು; ನಿರ್ಜೀವವಾಗಿ ಹಾಡಬಾರದು; ಆದರೆ ತನ್ನ ದನಿಯೊಂದೇ ಮೇಲೆ ಕೇಳುವಂತೆ ಅರಚಲೂಬಾರದು; ಕಾಲಪ್ರಮಾಣದಲ್ಲಿ ಮುಂದೋಡಬಾರದು, ಹಿಂದುಳಿಯಬಾರದು; ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸು ದೇವರಲ್ಲಿರಬೇಕು ಎಂಬುದು ಅವುಗಳ ಸಾರ. ಅವನಿಗಿಂತ ಬಹು ಹಿಂದೆ, ನಾಲ್ಕನೆಯ ಶತಮಾನದ ಕೊನೆಯಲ್ಲಿ, ಸಂತ ಅಗಸ್ಟೀನನು ತನ್ನ ಆತ್ಮನಿವೇದನೆಯಲ್ಲಿ ಒಂದು ತಪ್ಪನ್ನು ಒಪ್ಪಿಕೊಂಡಿದ್ದಾನೆ: ಹಾಡಿನ ಅರ್ಥಕ್ಕಿಂತ ಹಾಡುವ ದನಿಗೇ ಮನಸ್ಸು ಸೋತಾಗ ತಾನು ಪಾಪಿಯೆಂದು. ಕೇಳುವವನಿಗೇ ಇಷ್ಟು ಅಪಾಯವಿದ್ದರೆ, ಹಾಡುವವನಿಗೆ ಎಷ್ಟಿರಬೇಡ!

ಕೆಲವು ವರ್ಷಗಳ ಹಿಂದೆ ಹುಕ್ಕೇರಿಯ ಕಡೆಯ ಒಂದು ಹಳ್ಳಿಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿಯ ಅಂತ್ಯಕ್ರಿಯೆಗೆ ಹೋಗಿದ್ದೆ. ಹಾಡಲು ನಿಂತ ತರುಣನದು ಒಳ್ಳೆಯ ಕಂಠ. ಎದುರಿಗೆ ಮೈಕು, ಪಕ್ಕದಲ್ಲಿ ಕೀಬೋರ್ಡು. ಆದರೆ ಶ್ರುತಿಯನ್ನು ತನ್ನ ಕಂಠಕ್ಕೆ ಒಪ್ಪುವಷ್ಟು ಮೇಲಕ್ಕೆ ಇಟ್ಟುಕೊಂಡಿದ್ದ. ಆ ತಾಯಿಯೊಡನೆ ಆಯುಷ್ಯವಿಡೀ ಕೂಡಿ ಹಾಡಿದ ಮುದುಕಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮೊದಲ ಸಾಲು ಹಾಡಿದರು. ಎರಡನೆಯದರ ಏರಿಗೆ ದನಿ ಏರಲಿಲ್ಲ. ಸೆರಗು ಎಳೆದುಕೊಂಡು ಸುಮ್ಮನಾದರು. ಹಾಡು ತಪ್ಪಿಲ್ಲದೆ ಮುಗಿಯಿತು. ಹಾಡಬೇಕಾದವರು ಮಾತ್ರ ಹಾಡಿರಲಿಲ್ಲ.

ಪ್ರಾರ್ಥನೆಯ ನಡುವೆ ಹಿರಿಯರೊಬ್ಬರು ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದರು. ಎರಡನೆಯ ಹಾಡಿಗೆ ಅವನು ಮೈಕು ಬಿಟ್ಟು ಆ ಸಾಲಿನ ಹತ್ತಿರ ಬಂದ. ಹಳೆಯ ಪೇಟಿಯ ಮೇಲೆ ಕೆಳಗಿನ ಶ್ರುತಿ ಹಿಡಿಸಿ, ಒಂದು ಸಾಲು ಮೆಲ್ಲನೆ ಎತ್ತಿಕೊಟ್ಟು ನಿಂತ. ಒಡೆದ ದನಿಗಳು, ಒಂದು ಮುಂದೆ, ಒಂದು ಹಿಂದೆ. ನಾಲ್ಕನೆಯ ಸಾಲಿಗೆ ಮನೆಯೆಲ್ಲ ಹಾಡುತ್ತಿತ್ತು. ಆಮೇಲೆ ಕಟ್ಟೆಯ ಮೇಲೆ ಕುಳಿತಾಗ ಅವನೇ ಅಂದ: “ಮೊದಲನೇ ಹಾಡು ನಂದಾತ್ರೀ ಸರ್, ಎರಡನೇದು ಅವರದಾತು.”

ಶಿಸ್ತೆಂದರೆ ಅದೇ. ಹಾಡನ್ನು ಮೊದಲು ಗದ್ಯದಂತೆ ಓದಿ ಅರ್ಥ ಹಿಡಿಯುವುದು, ವಾರದ ನಡುವೆ ಅಭ್ಯಾಸ ಮಾಡುವುದು, ಸಭೆಯ ಅತಿ ದುರ್ಬಲ ಕಂಠಕ್ಕೆ ಎಟಕುವ ಶ್ರುತಿಯನ್ನು ಆರಿಸುವುದು, ವಾದ್ಯವನ್ನು ಮಾತಿನ ಕೆಳಗಿರಿಸುವುದು. ಇವು ಸಂಗೀತದ ನಿಯಮಗಳಂತೆ ಕಂಡರೂ ಮೂಲತಃ ನೆರೆಯವನ ಮೇಲಿನ ಕಾಳಜಿಯ ನಿಯಮಗಳು. ಭಕ್ತನು ಪ್ರೀತಿ ಬಂದ ಹಾಗೆ ಹಾಡಲಿ. ಅವನು ಹಾಗೆ ಹಾಡಲು ಅನುವಾಗಲೆಂದೇ, ಮುಂದೆ ನಿಂತವನು ತಾಳವನ್ನೂ ತನ್ನನ್ನೂ ಹಿಡಿತದಲ್ಲಿಟ್ಟುಕೊಳ್ಳಬೇಕು.