ಸೆಲ್ ಕೆಂಪಾದ ಕಥೆ

ಪರದೆಯ ಮೇಲೆ ಬೀದರ್ ಜಿಲ್ಲೆಯ ತಾಲ್ಲೂಕುವಾರು ಮಳೆ ಪಟ್ಟಿ ಇದೆ ಅಂದುಕೊಳ್ಳಿ. ಹಿಂದೆ ಐದೇ ಸಾಲು. ಔರಾದ್‌ನಿಂದ ಕಮಲನಗರ ಬೇರೆಯಾಗಿ, ಚಿಟಗುಪ್ಪ, ಹುಲಸೂರು ಕೂಡ ತಾಲ್ಲೂಕುಗಳಾದ ಮೇಲೆ ಎಂಟು. ಕಮಲನಗರದ ಸೆಲ್ ಕೆಂಪಗಿದೆ. ಯಾರೂ ಕೈಯಾರೆ ಬಣ್ಣ ಹಚ್ಚಿಲ್ಲ. ಅಂಕಿ ನೋಡಿ ಎಕ್ಸೆಲ್ಲೇ ಹಚ್ಚಿದೆ. ಇದಕ್ಕೆ ಕಂಡೀಷನಲ್ ಫಾರ್ಮ್ಯಾಟಿಂಗ್ ಎನ್ನುತ್ತಾರೆ.

ಈ ಸೌಲಭ್ಯ ಮೊದಲಿನಿಂದ ಇದ್ದದ್ದಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಇಬ್ಬರೂ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ಲೆಕ್ಕಪಟ್ಟಿಯ ತಂತ್ರಾಂಶ ತಂದರು. ಒಂದು ಅಂಕಿ ತಿದ್ದಿದರೆ ಮೊತ್ತ ತಾನೇ ಬದಲಾಗುತ್ತಿತ್ತು. ಲೆಕ್ಕಕ್ಕೆ ಜೀವ ಬಂತು, ಬಣ್ಣಕ್ಕೆ ಬರಲಿಲ್ಲ. 1985ರಲ್ಲಿ ಎಕ್ಸೆಲ್ ಬಂದ ಮೇಲೂ ವರ್ಷಗಟ್ಟಲೆ ಇದೇ ಪಾಡು. ಸೊನ್ನೆಗಿಂತ ಕೆಳಗಿನ ಅಂಕಿ ಕೆಂಪಕ್ಷರದಲ್ಲಿ ಕಾಣಲಿ ಎನ್ನುವ ಸಣ್ಣ ದಾರಿ ಇತ್ತು ನಿಜ. ಆದರೆ ಕೈಯಿಂದ ಹಳದಿ ತುಂಬಿದ ಸೆಲ್, ಒಳಗಿನ ಅಂಕಿ ಏನಾದರೂ ಹಳದಿಯೇ.

ಎಕ್ಸೆಲ್ 97 ಬಣ್ಣವನ್ನು ಷರತ್ತಿಗೆ ಕಟ್ಟಿತು. ಒಂದು ಸೆಲ್‌ಗೆ ಮೂರೇ ಷರತ್ತು. ನಾಲ್ಕನೆಯದು ಬೇಕಾದವರು ಮ್ಯಾಕ್ರೋ ಬರೆಯಬೇಕಿತ್ತು. ಎಕ್ಸೆಲ್ 2007 ಆ ಮಿತಿ ತೆಗೆದು ಡೇಟಾ ಬಾರ್, ಕಲರ್ ಸ್ಕೇಲ್, ಐಕಾನ್ ಸೆಟ್ ಸೇರಿಸಿತು.

ಅಂಕಿಗಳನ್ನು ಒಂದಕ್ಕೊಂದು ಹೋಲಿಸಿ ಬಣ್ಣ ಹಚ್ಚುವ ಈ ಕಲರ್ ಸ್ಕೇಲ್ ಬಗ್ಗೆ ನನ್ನ ತಕರಾರಿದೆ. ಹಸಿರಿನಿಂದ ಕೆಂಪಿನವರೆಗೆ ಅಂತ ಕೊಟ್ಟರೆ, ಎಂಟು ತಾಲ್ಲೂಕುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿಯದು ಕೆಂಪಾಗಲೇಬೇಕು. ಜಿಲ್ಲೆಯೆಲ್ಲ ಸಮೃದ್ಧ ಮಳೆಯಾಗಿ, ಹೆಸರು, ಉದ್ದು, ಸೋಯಾ ಎಲ್ಲ ಚೆನ್ನಾಗಿ ಬಂದಿದ್ದರೂ ಒಂದು ತಾಲ್ಲೂಕಿನ ಸೆಲ್ ಕೆಂಪು! ಮೇಲಿನವರು ಪಟ್ಟಿ ನೋಡಿದರೆ ಅಲ್ಲೇನೋ ಅನಾಹುತ ಎಂದುಕೊಳ್ಳುತ್ತಾರೆ. ಹವಾಮಾನ ಇಲಾಖೆಯ ನಕ್ಷೆ ಹಾಗಲ್ಲ. ಅಲ್ಲಿ ವಾಡಿಕೆ ಮಳೆಗಿಂತ ಶೇ 19ರವರೆಗೆ ಕಡಿಮೆಯಾದರೂ ‘ಸಾಮಾನ್ಯ’, ಹಸಿರು. ಶೇ 20ರಿಂದ 59ರವರೆಗಿನ ಕೊರತೆಗೆ ಕೆಂಪು. ಪಕ್ಕದ ಊರಿನಲ್ಲಿ ಎಷ್ಟು ಸುರಿಯಿತು ಎಂಬುದಕ್ಕೂ ಈ ಬಣ್ಣಕ್ಕೂ ಸಂಬಂಧವಿಲ್ಲ. ಮಳೆ ಪಟ್ಟಿಗೆ ಬೇಕಾದದ್ದು ಇಂಥ ಷರತ್ತು.

ಶಾಲೆಯ ಅಂಕಪಟ್ಟಿಗೂ ಅಷ್ಟೇ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದುದು 35ರ ಗೆರೆ ನೋಡಿ. 2025ರಲ್ಲಿ ಸರ್ಕಾರ ಎಸ್ಸೆಸ್ಸೆಲ್ಸಿ ಗೆರೆ ಬದಲಿಸಿತು: ಒಟ್ಟು 625ಕ್ಕೆ 206 ಅಂಕ, ಜೊತೆಗೆ ಪ್ರತಿ ವಿಷಯದಲ್ಲೂ ಶೇ 30. ಎರಡರಲ್ಲಿ ಒಂದು ತಪ್ಪಿದರೂ ಸಾಲು ಕೆಂಪಾಗಬೇಕೆಂದರೆ ‘ಆರ್’ ಫಂಕ್ಷನ್ನಿನ ಸೂತ್ರ ಬರೆಯಬೇಕು.

ಕನ್ನಡದ ಪಟ್ಟಿಗಳಲ್ಲಿ ಇನ್ನೊಂದು ತೊಡಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ‘ಗೈರು’ ಕಣ್ಣಿಗಷ್ಟೇ ಕನ್ನಡ. ಕಡತದೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವಿರುತ್ತದೆ. ಯೂನಿಕೋಡ್‌ನಲ್ಲಿ ‘ಗೈರು’ ಎಂದು ಷರತ್ತು ಬರೆದರೆ ಒಂದು ಸೆಲ್ಲೂ ಕೆಂಪಾಗದು. ಮೊದಲು ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸಿ, ಬಣ್ಣ ಆಮೇಲೆ.