ಮಣ್ಣಿನ ಹಕ್ಕಿ ಹಾರುವ ಬಯಲು



ನ್ಯಾಮತಿಯ ಸುತ್ತಿನ ಹೊಲಗಳಲ್ಲಿ ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಗಿಳಿಗಳ ಹಿಂಡು ಬಂದಿಳಿಯುತ್ತದೆ. ನಿಮ್ಮಲ್ಲಿ ಕೆಲವರಾದರೂ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಅವುಗಳನ್ನು ಎಬ್ಬಿಸಿರಬಹುದು. ಕವಣೆ ಬೀಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಾರುವ ಹಕ್ಕಿ ಈಗ ಇರುವ ಕಡೆಗೆ ಕಲ್ಲು ಬೀಸಿದರೆ, ಕಲ್ಲು ಅಲ್ಲಿಗೆ ಹೋಗುವಷ್ಟರಲ್ಲಿ ಹಕ್ಕಿ ಮುಂದೆ ಹೋಗಿರುತ್ತದೆ. ಇನ್ನೊಂದು ಸಂಗತಿಯನ್ನು ಹೊಲದ ಹಿರಿಯರು ಕೂಗಿ ಹೇಳುತ್ತಾರೆ: "ಆ ಕಡೆ ಬೀಸಬೇಡ್ರೋ, ದಾರೀಲಿ ಜನ ಬರ್ತಾರೆ!" ಮೊದಲನೆಯದು ಗುರಿಯ ಪಾಠ. ಎರಡನೆಯದು ತಪ್ಪಿದ ಕಲ್ಲಿನ ಪಾಠ. ಇಂದು ನಾನು ಹೇಳಬೇಕೆಂದಿರುವ ಕ್ರೀಡೆಗೆ ಈ ಎರಡೂ ಪಾಠ ಬೇಕು. ಆದರೆ ಆ ಕ್ರೀಡೆಯ ಮೈದಾನ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನವಾಗುವುದು ಎರಡನೆಯ ಪಾಠದಿಂದ.

ಆ ಕ್ರೀಡೆಯ ಹೆಸರು ಕ್ಲೇ ಪಿಜನ್ ಶೂಟಿಂಗ್, ಅಂದರೆ ಮಣ್ಣಿನ ಪಾರಿವಾಳಕ್ಕೆ ಗುಂಡು ಹೊಡೆಯುವುದು. ಹೆಸರು ಕೇಳಿ ಮೋಸಹೋಗಬೇಡಿ. ಅಲ್ಲಿ ಪಾರಿವಾಳವೂ ಇಲ್ಲ, ಈಗ ಮಣ್ಣೂ ಇಲ್ಲ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ ಸಣ್ಣ ಬಿಲ್ಲೆ ಅದು. ಅಡ್ಡಳತೆ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಚಹಾದ ಸಾಸರನ್ನು ಬೋರಲು ಹಾಕಿದಂತೆ ಕಾಣುತ್ತದೆ. ಯಂತ್ರವೊಂದು ಅದನ್ನು ಗಾಳಿಗೆ ಎಸೆಯುತ್ತದೆ. ಆಟಗಾರ ಅದು ನೆಲಕ್ಕೆ ಬೀಳುವ ಮೊದಲು ಒಡೆಯಬೇಕು.

ಈ ಬಿಲ್ಲೆ ಬರುವ ಮೊದಲು ಏನಿತ್ತು ಎಂಬುದನ್ನು ತಿಳಿದರೆ ನಿಮಗೆ ಬೇಸರವಾದೀತು. ಜೀವಂತ ಪಾರಿವಾಳಗಳನ್ನೇ ಪೆಟ್ಟಿಗೆಯಲ್ಲಿಟ್ಟು, ಹಗ್ಗ ಎಳೆದು ಮುಚ್ಚಳ ತೆಗೆದು, ಹಾರಿದೊಡನೆ ಹೊಡೆಯುತ್ತಿದ್ದರು. ಆ ಪೆಟ್ಟಿಗೆಗೆ ಟ್ರ್ಯಾಪ್ ಎಂದು ಹೆಸರು. ಆಟಗಾರ ಬಿಲ್ಲೆ ಕೇಳುವಾಗ 'ಪುಲ್' ಎಂದು ಕೂಗುವ ರೂಢಿ ಬಂದದ್ದೂ ಆ ಹಗ್ಗದಿಂದಲೇ. 1900ರ ಪ್ಯಾರಿಸ್ ಕ್ರೀಡಾಕೂಟದ ಸಂದರ್ಭದಲ್ಲಿ ನಡೆದ ಇಂಥ ಸ್ಪರ್ಧೆಯಲ್ಲಿ ಸುಮಾರು 300 ಹಕ್ಕಿಗಳು ಸತ್ತವು. ಅದಕ್ಕೂ ಮೊದಲೇ, 1880ರಲ್ಲಿ, ಅಮೆರಿಕದ ಜಾರ್ಜ್ ಲಿಗೋಸ್ಕಿ ಎಂಬಾತ ಸುಟ್ಟ ಮಣ್ಣಿನ ಬಿಲ್ಲೆಯನ್ನು ರೂಪಿಸಿದ್ದ. ಹುಡುಗರು ನೀರಿನ ಮೇಲೆ ಚಪ್ಪಟೆ ಚಿಪ್ಪುಗಳನ್ನು ಕುಪ್ಪಳಿಸುವಂತೆ ಎಸೆಯುವುದನ್ನು ನೋಡಿ ಅವನಿಗೆ ಈ ಉಪಾಯ ಹೊಳೆಯಿತೆಂದು ಹೇಳುವುದುಂಟು. ನಮ್ಮ ಕೆರೆಯ ದಂಡೆಯಲ್ಲಿ ಹಂಚಿನ ಚೂರು ಎಸೆಯುವ ನಿಮಗೆ ಆ ಮಾತು ನಂಬಲಾಗದ್ದೇನಲ್ಲ. 1921ರಲ್ಲಿ ಬ್ರಿಟನ್ ಕಾನೂನು ಮಾಡಿ, ಹಿಡಿದಿಟ್ಟ ಹಕ್ಕಿಗಳನ್ನು ಬಿಟ್ಟು ಹೊಡೆಯುವುದನ್ನು ನಿಷೇಧಿಸಿತು. ಹೀಗೆ ಈ ಕ್ರೀಡೆ ತನ್ನ ಕೌಶಲವನ್ನು ಉಳಿಸಿಕೊಂಡು ಕ್ರೌರ್ಯವನ್ನು ಬಿಟ್ಟಿತು.

ಈಗ ಮೈದಾನದೊಳಗೆ ಹೋಗೋಣ. ಒಲಿಂಪಿಕ್ಸ್‌ನಲ್ಲಿ ಇದರ ಎರಡು ಬಗೆಗಳಿವೆ. ಮೊದಲನೆಯದು ಟ್ರ್ಯಾಪ್. ಆಟಗಾರರು ಸಾಲಾಗಿ ನಿಲ್ಲುತ್ತಾರೆ. ಅವರಿಂದ 15 ಮೀಟರ್ ಮುಂದೆ ನೆಲದಡಿಯ ಕಂದಕದಲ್ಲಿ 15 ಯಂತ್ರಗಳಿರುತ್ತವೆ. ಆಟಗಾರ ಕೂಗಿದೊಡನೆ ಒಂದು ಬಿಲ್ಲೆ ಚಿಮ್ಮಿ ಅವನಿಂದ ದೂರಕ್ಕೆ ಹಾರುತ್ತದೆ. ಅಡ್ಡಿಯಿಲ್ಲದೆ ಹೋದರೆ ಅದು ಬೀಳುವುದು ಸುಮಾರು 76 ಮೀಟರ್ ಆಚೆ. ಎಡಕ್ಕೋ, ಬಲಕ್ಕೋ, ನೇರಕ್ಕೋ ಎಂಬುದು ಅವನಿಗೆ ಮೊದಲೇ ತಿಳಿದಿರುವುದಿಲ್ಲ. ಎರಡನೆಯದು ಸ್ಕೀಟ್. ಅರ್ಧಚಂದ್ರಾಕಾರದ ಅಂಗಳದ ಎರಡು ತುದಿಗಳಲ್ಲಿ ಎರಡು ಪುಟ್ಟ ಮನೆಗಳು, ಒಂದು ಎತ್ತರದ್ದು, ಒಂದು ತಗ್ಗಿನದು. ಎರಡರಿಂದಲೂ ಬಿಲ್ಲೆಗಳು ಅಡ್ಡಡ್ಡ ಹಾರುತ್ತವೆ. ಆಟಗಾರ ಎಂಟು ಸ್ಥಾನಗಳಲ್ಲಿ ನಿಂತು ಬೇರೆ ಬೇರೆ ಕೋನಗಳಿಂದ ಅವುಗಳನ್ನು ಒಡೆಯಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಬಿಲ್ಲೆ ನಿಮ್ಮಿಂದ 20 ಮೀಟರ್ ದೂರದಲ್ಲಿ ಅಡ್ಡ ಹಾರುತ್ತಿದೆ. ಅದರ ವೇಗ ಸೆಕೆಂಡಿಗೆ 22 ಮೀಟರ್. ಕೋವಿಯಿಂದ ಹೊರಟ ಚರೆಯ ಸರಾಸರಿ ವೇಗ ಸೆಕೆಂಡಿಗೆ 350 ಮೀಟರ್ ಎಂದಿಟ್ಟುಕೊಳ್ಳಿ. ಚರೆ 20 ಮೀಟರ್ ಸಾಗಲು ಹಿಡಿಯುವ ಕಾಲ ಸೆಕೆಂಡಿನ ನೂರರಲ್ಲಿ ಆರು ಪಾಲಿಗಿಂತ ತುಸು ಕಡಿಮೆ. ಕಣ್ಣೆವೆ ಮುಚ್ಚಿ ತೆರೆಯಲೂ ಸಾಲದ ಆ ಹೊತ್ತಿನಲ್ಲಿ ಬಿಲ್ಲೆ ಸುಮಾರು ಒಂದೂಕಾಲು ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಬಿಲ್ಲೆಯನ್ನು ಒಡೆಯಬೇಕಾದವನು ಬಿಲ್ಲೆಗೆ ಗುರಿಯಿಟ್ಟರೆ ಸೋಲುತ್ತಾನೆ. ಅವನು ಅದರ ಮುಂದಿನ ಖಾಲಿ ಜಾಗಕ್ಕೆ ಹೊಡೆಯಬೇಕು. ನಿಮ್ಮ ಕವಣೆಯ ಪಾಠವೇ ಇದು. ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಸಾಪೇಕ್ಷ ವೇಗ ಎಂದು ಹೆಸರು.

ಇಷ್ಟು ಗುರಿಯ ಮಾತಾಯಿತು. ಇನ್ನು ತಪ್ಪಿದ ಕಲ್ಲಿನ ಮಾತು. ಎನ್.ಸಿ.ಸಿ.ಗೆ ಸೇರಿದವರು ರೈಫಲ್ ಅಭ್ಯಾಸದ ಸ್ಥಳವನ್ನು ನೋಡಿರುತ್ತೀರಿ. ಗುರಿಫಲಕದ ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುತ್ತದೆ. ಫಲಕವನ್ನು ತೂರಿದ ಗುಂಡನ್ನೂ, ತಪ್ಪಿದ ಗುಂಡನ್ನೂ ಆ ದಿಬ್ಬ ನುಂಗಿಕೊಳ್ಳುತ್ತದೆ. ಮಣ್ಣಿನ ಹಕ್ಕಿಯ ಆಟದಲ್ಲಿ ಗುರಿ ಇರುವುದು ಆಕಾಶದಲ್ಲಿ. ಆಕಾಶದ ಹಿಂದೆ ದಿಬ್ಬ ಕಟ್ಟಲಾಗದು. ಒಂದು ತೋಟಾದಲ್ಲಿ 24 ಗ್ರಾಂ ಸೀಸ, ಅಂದರೆ ಸುಮಾರು 300 ಸಣ್ಣ ಚರೆಗಳಿರುತ್ತವೆ. ಬಿಲ್ಲೆ ಒಡೆಯಲು ಕೆಲವೇ ಚರೆಗಳು ಸಾಕು. ಉಳಿದವೆಲ್ಲ ಮುಂದೆ ಹೋಗಿ ಎಲ್ಲೋ ಬೀಳಲೇಬೇಕು. ಗುರಿ ಮುಟ್ಟಿದರೂ ಬೀಳಬೇಕು, ತಪ್ಪಿದರೂ ಬೀಳಬೇಕು. ಹಾಗಾಗಿ ಒಳ್ಳೆಯ ಮೈದಾನವನ್ನು ಗುರುತಿಸಲು ಕೇಳಬೇಕಾದ ಮೊದಲ ಪ್ರಶ್ನೆ: ಈ ಚರೆ ಎಲ್ಲಿ ಬೀಳುತ್ತದೆ?

ಚರೆ 200 ಮೀಟರಿನ ಸುಮಾರಿಗೆ ಹೋಗಿ ಬೀಳಬಲ್ಲದು. ಆದ್ದರಿಂದ ಹೊಡೆಯುವ ದಿಕ್ಕಿನಲ್ಲಿ ಬೀಸಣಿಗೆಯಂತೆ ಹರಡಿದ ಸುಮಾರು 300 ಮೀಟರ್ ಜಾಗ ಖಾಲಿ ಇರಬೇಕು. ಅಲ್ಲಿ ದಾರಿ ಇರಬಾರದು, ದನ ಮೇಯಬಾರದು, ಹೊಲದ ಕೆಲಸಕ್ಕೆ ಜನ ಬರಬಾರದು. ದಿಕ್ಕೂ ಮುಖ್ಯ. ನಮ್ಮ ಉತ್ತರ ಗೋಳಾರ್ಧದಲ್ಲಿ ಮೈದಾನವನ್ನು ಉತ್ತರಕ್ಕೋ ಈಶಾನ್ಯಕ್ಕೋ ಮುಖ ಮಾಡಿ ಕಟ್ಟುತ್ತಾರೆ. ವರ್ಷದ ಬಹುಭಾಗ ಸೂರ್ಯ ಆಟಗಾರನ ಬೆನ್ನಿಗಿದ್ದು, ಬಿಲ್ಲೆಯ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಕಣ್ಣು ಕುಕ್ಕಿದವನ ಕೈಯಲ್ಲಿ ಕೋವಿ ಇರಬಾರದು ಎಂಬುದು ಇದರ ತಾತ್ಪರ್ಯ.

ಎರಡನೆಯ ಪ್ರಶ್ನೆ: ಹೊಡೆಯದೆ ಇರುವಾಗ ಕೋವಿ ಹೇಗಿರುತ್ತದೆ? ಒಳ್ಳೆಯ ಮೈದಾನದಲ್ಲಿ ಜೋಡುನಳಿಗೆ ಕೋವಿಯನ್ನು ನಡುವೆ ಮಡಚಿ, ನಳಿಗೆ ಖಾಲಿ ಇರುವುದು ಎಲ್ಲರಿಗೂ ಕಾಣುವಂತೆ ಹಿಡಿದು ಓಡಾಡುತ್ತಾರೆ. ತನ್ನ ಸ್ಥಾನಕ್ಕೆ ಬಂದು ನಿಲ್ಲುವ ತನಕ ಯಾರೂ ತೋಟಾ ತುಂಬುವುದಿಲ್ಲ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಇರುತ್ತದೆ. ಒಲಿಂಪಿಕ್ ಪದಕ ಗೆದ್ದವನಾದರೂ ಈ ನಿಯಮದಿಂದ ವಿನಾಯಿತಿ ಇಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ನಮ್ಮ ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಮೊದಲಾದ ಆಯುಧಗಳನ್ನು ಒಂದೆಡೆ ಇಟ್ಟು, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಆಮೇಲೆ ಊರಿನವರು ಬಯಲಿನಲ್ಲಿ ಸೇರಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಹೆಣ್ಣುಮಕ್ಕಳೂ ಅದರಲ್ಲಿ ಭಾಗವಹಿಸುತ್ತಾರೆ. ಕೊಡವರಿಗೂ ಜಮ್ಮಾ ಭೂಮಿ ಉಳ್ಳವರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಪೂಜೆ ಪಡೆದ ಆಯುಧವನ್ನು ಬೇಕಾಬಿಟ್ಟಿ ಎತ್ತುವಂತಿಲ್ಲ. ಆಟದ ಮೊದಲು ಮರ್ಯಾದೆ ಎಂಬ ಕ್ರಮ ಅಲ್ಲಿಯೂ ಇದೆ. ಕಾಯಿ ನಿಂತಲ್ಲೇ ನಿಲ್ಲುತ್ತದೆ, ಬಿಲ್ಲೆ ಹಾರುತ್ತದೆ, ಅಷ್ಟೇ ವ್ಯತ್ಯಾಸ.

ಮೂರನೆಯ ಪ್ರಶ್ನೆ: ಆಟ ಮುಗಿದ ಮೇಲೆ ನೆಲದಲ್ಲಿ ಏನು ಉಳಿಯುತ್ತದೆ? ಮತ್ತೆ ಲೆಕ್ಕ ಹಾಕಿ. ಒಂದು ಸುತ್ತಿಗೆ 25 ಬಿಲ್ಲೆ. ಒಂದು ಬಿಲ್ಲೆಗೆ ಒಂದೇ ತೋಟಾ ಎಂದಿಟ್ಟುಕೊಂಡರೂ ಒಬ್ಬ ಆಟಗಾರ ಬಿಡುವ ಸೀಸ 600 ಗ್ರಾಂ. ಐವರು ಆಡಿದರೆ 3 ಕಿಲೋ. ದಿನಕ್ಕೆ ಹತ್ತು ಸುತ್ತು ನಡೆದರೆ 30 ಕಿಲೋ. ಸೀಸ ವಿಷ. ನೀರುಹಕ್ಕಿಗಳು ಆಹಾರ ಅರೆಯಲೆಂದು ಸಣ್ಣ ಕಲ್ಲುಗಳನ್ನು ನುಂಗುವಾಗ ಚರೆಯನ್ನೂ ನುಂಗಿ ಸಾಯುತ್ತವೆ. ಇದೇ ಕಾರಣಕ್ಕೆ ಅಮೆರಿಕ 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ನಿಷೇಧಿಸಿತು. ಡಾಂಬರು ಅಂಟಿನ ಬಿಲ್ಲೆಯ ಚೂರುಗಳನ್ನು ತಿಂದ ಹಂದಿಗಳು ಸತ್ತ ಸಂಗತಿಯೂ ಪಶುವೈದ್ಯ ಗ್ರಂಥಗಳಲ್ಲಿದೆ. ಹಕ್ಕಿಗಳನ್ನು ಉಳಿಸಲೆಂದು ಬಂದ ಬಿಲ್ಲೆಯ ಆಟ, ಮೈದಾನ ಕೆಟ್ಟದಾದರೆ ಮತ್ತೆ ಹಕ್ಕಿಗಳನ್ನೇ ಕೊಲ್ಲುತ್ತದೆ! ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ಕೆರೆಯ ದಂಡೆಯಲ್ಲಿ ಇಂಥ ಮೈದಾನ ಎಷ್ಟು ಸುಂದರವಾಗಿದ್ದರೂ ಅದು ಒಳ್ಳೆಯ ಮೈದಾನವಲ್ಲ. ನೀರಿನಿಂದ ದೂರವಿರುವುದು, ಬಿದ್ದ ಸೀಸವನ್ನು ಕಾಲಕಾಲಕ್ಕೆ ಸೋಸಿ ತೆಗೆಯುವುದು, ಡಾಂಬರಿಲ್ಲದ ಬಿಲ್ಲೆ ಬಳಸುವುದು, ಇವು ಒಳ್ಳೆಯ ಮೈದಾನದ ಗುಣಗಳು.

ನಾಲ್ಕನೆಯ ಪ್ರಶ್ನೆ: ಅಲ್ಲಿ ಹೊಸಬರಿಗೆ ಜಾಗವಿದೆಯೇ? 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಸ್ಪರ್ಧೆ ಗಂಡಸರಿಗೂ ಹೆಂಗಸರಿಗೂ ಒಂದೇ ಆಗಿತ್ತು. ಚೀನದ ಜಾಂಗ್ ಶಾನ್ ಎಂಬ ಯುವತಿ ಎಲ್ಲ ಗಂಡಸರನ್ನೂ ಸೋಲಿಸಿ ಚಿನ್ನ ಗೆದ್ದಳು. ಆದರೆ 1996ರ ಅಟ್ಲಾಂಟಾದಲ್ಲಿ ಸ್ಕೀಟ್ ಗಂಡಸರಿಗೆ ಮಾತ್ರವೆಂದಾಯಿತು. ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆಯೂ ಇರಲಿಲ್ಲ. ಗೆದ್ದವಳಿಗೆ ತನ್ನ ಪದಕವನ್ನು ಉಳಿಸಿಕೊಳ್ಳಲು ಆಡುವ ಅವಕಾಶವೇ ಸಿಗಲಿಲ್ಲ. 2000ದ ಸಿಡ್ನಿಯಲ್ಲಿ ಹೆಂಗಸರ ಸ್ಕೀಟ್ ಆರಂಭವಾಯಿತು. ಅಂಗಳ ಅದೇ, ಬಿಲ್ಲೆಯೂ ಅದೇ. ಬಾಗಿಲು ಮಾತ್ರ ಮುಚ್ಚಿ ತೆರೆದುಕೊಂಡಿತ್ತು.

ನಮ್ಮ ದೇಶದಲ್ಲಿ ನೋಡಬೇಕಾದ ಮೈದಾನವೆಂದರೆ ದೆಹಲಿಯ ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು, 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ನವೀಕರಣಗೊಂಡಿತು. ಕರ್ಣಿ ಸಿಂಗ್ ಬಿಕಾನೇರಿನ ಮಹಾರಾಜರು. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದವರು. ಆಗ ಇದು ಅರಸುಮಕ್ಕಳ ಆಟ. 2004ರಲ್ಲಿ ಅಥೆನ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದವರು ಸೇನಾಧಿಕಾರಿ ರಾಜ್ಯವರ್ಧನ್ ಸಿಂಗ್ ರಾಥೋಡ್. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಒಲಿಂಪಿಕ್ ಬೆಳ್ಳಿ ಅದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ಸ್ಕೀಟ್ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಕಂಚಿನ ಪಂದ್ಯವನ್ನು 43–44ರಿಂದ ಸೋತರು. ಒಂದೇ ಒಂದು ಬಿಲ್ಲೆ! ತೋಟಾ, ಕೋವಿ, ಪ್ರಯಾಣ ಎಲ್ಲವೂ ದುಬಾರಿಯಾದ ಈ ಆಟದಲ್ಲಿ ಸಾಮಾನ್ಯರ ಮಕ್ಕಳಿಗೆ ಜಾಗ ಮಾಡಿಕೊಡುವ ಮೈದಾನಗಳು ಹೆಚ್ಚಿದಷ್ಟೂ ಆ ಒಂದು ಬಿಲ್ಲೆಯ ಅಂತರ ಕಡಿಮೆಯಾದೀತು.

ಮಿತ್ರರೇ, ನೀವು ಎಂದಾದರೂ ಇಂಥ ಮೈದಾನಕ್ಕೆ ಹೋದರೆ ಎಷ್ಟು ಬಿಲ್ಲೆ ಒಡೆದವು ಎಂದಷ್ಟೇ ಎಣಿಸಬೇಡಿ. ಚರೆ ಎಲ್ಲಿ ಬೀಳುತ್ತದೆ, ಕೋವಿ ಹೇಗೆ ವಿರಮಿಸುತ್ತದೆ, ನೆಲದಲ್ಲಿ ಏನು ಉಳಿಯುತ್ತದೆ, ಬಾಗಿಲಲ್ಲಿ ಯಾರು ನಿಂತಿದ್ದಾರೆ, ಈ ನಾಲ್ಕನ್ನು ನೋಡಿ. ಗುರಿ ಮುಟ್ಟಿದ ಗುಂಡಿಗೆ ಚಪ್ಪಾಳೆ ತಟ್ಟುವವರು ಬೇಕಾದಷ್ಟು ಜನರಿದ್ದಾರೆ. ತಪ್ಪಿದ ಗುಂಡಿನ ಬಗ್ಗೆ ಮೊದಲೇ ಯೋಚಿಸಿದ ಮೈದಾನವೇ ಹೋಗಿ ನೋಡತಕ್ಕ ಮೈದಾನ. ಅಟ್ಟಣೆಯ ಕೆಳಗಿನಿಂದ "ಆ ಕಡೆ ಬೀಸಬೇಡ್ರೋ" ಎಂದು ಕೂಗಿದ ಹಿರಿಯರು ಹೇಳಿದ್ದೂ ಇದನ್ನೇ.